ಎಲ್ಲ ಊರಿಗೂ ಒಂದು ಮಂಗಳವಾರ

ಕೇಳುಗರಿಗೆ ನಮಸ್ಕಾರ.

ಮಳೆಗಾಲದ ಒಂದು ಬೆಳಿಗ್ಗೆ ನಮ್ಮ ಮೈಸೂರು ಝೂ ಮುಂದೆ ನಡೆದುಕೊಂಡು ಹೋಗುತ್ತಿದ್ದೆ. ಗೇಟಿನ ಹತ್ತಿರ ಒಂದು ಟೆಂಪೋ ಟ್ರಾವೆಲರ್ ನಿಂತಿತ್ತು. ಅಜ್ಜ, ಅಜ್ಜಿ, ನಾಲ್ಕು ಮಕ್ಕಳು. ಎಲ್ಲರ ತಲೆಗೂ ಹೊಸ ಟೋಪಿ. ಗೇಟ್ ಮುಚ್ಚಿತ್ತು. ಅಜ್ಜ ನನ್ನ ಮುಂದೆ ಒಂದು ಹಾಳೆ ಹಿಡಿದರು. ಟೂರಿನವರು ಕೊಟ್ಟ ಪಟ್ಟಿ. ಮಂಗಳವಾರ, ಮೊದಲು ಝೂ, ಆಮೇಲೆ ಕಾರಂಜಿ ಕೆರೆ ಎಂದು ಬರೆದಿತ್ತು.

ಮಂಗಳವಾರ ಝೂಗೆ ರಜೆ ಅಂತ ಮೈಸೂರಿನ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಕಾರಂಜಿ ಕೆರೆಗೂ ಅವತ್ತೇ ರಜೆ. ಪಟ್ಟಿ ಮಾಡಿದವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬರೆದರೋ, ಆ ಚಾಮುಂಡಿಗೇ ಗೊತ್ತು. ಡ್ರೈವರ್ ಮಾತ್ರ ತಲೆ ಎತ್ತದೆ ಮೊಬೈಲ್ ನೋಡುತ್ತಿದ್ದ.

ನನಗೆ ನಗು ಬರಲಿಲ್ಲ. ಹಿಂದೊಮ್ಮೆ ನಾನೂ ಹೀಗೇ ನಿಂತಿದ್ದೆ, ಕೇರಳದ ಮುನ್ನಾರಿನಲ್ಲಿ.

ಅದು ಫೆಬ್ರವರಿ. ಮೈಸೂರಿನ ಏಜೆಂಟ್ ಒಬ್ಬರ ಹತ್ತಿರ ಪ್ಯಾಕೇಜ್ ಮಾಡಿಸಿದ್ದೆವು. ಎರವಿಕುಳಂ ರಾಷ್ಟ್ರೀಯ ಉದ್ಯಾನ ತೋರಿಸುತ್ತೇವೆ, ಅಲ್ಲಿ ವರಯಾಡು ಪಕ್ಕದಲ್ಲೇ ಓಡಾಡುತ್ತವೆ ಅಂದಿದ್ದರು. ವರಯಾಡು ಅಂದರೆ ನೀಲಗಿರಿಯ ಕಾಡುಮೇಕೆ. ಹೋಗಿ ನೋಡಿದರೆ ಬಾಗಿಲು ಮುಚ್ಚಿದೆ. ಅವು ಮರಿ ಹಾಕುವ ಕಾಲ ಅಂತ ಸಾಮಾನ್ಯವಾಗಿ ಪ್ರತಿ ವರ್ಷ ಫೆಬ್ರವರಿ, ಮಾರ್ಚ್ ಎರಡೂ ತಿಂಗಳು ಮುಚ್ಚುತ್ತಾರೆ. ಬಾಣಂತಿಯರನ್ನು ಕಾಡಬಾರದು, ಸರಿಯೇ. ಆದರೆ ನಮ್ಮ ಏಜೆಂಟ್‌ಗೆ ಫೋನ್ ಮಾಡಿದರೆ, "ಅದು ಫಾರೆಸ್ಟ್‌ನವರ ವಿಷಯ ಮೇಡಂ" ಅಂದುಬಿಟ್ಟರು.

ಇನ್ನೂ ಇದೆ. ಮುನ್ನಾರಿನಲ್ಲಿ ಹೋಟೆಲ್ ಅಂದಿದ್ದರು. ಅದು ಇದ್ದದ್ದು ಅಡಿಮಾಲಿಯಲ್ಲಿ, ಸುಮಾರು 30 ಕಿಲೋಮೀಟರ್ ಕೆಳಗೆ. ದಿನಾ ಬೆಳಿಗ್ಗೆ ಘಾಟಿ ಹತ್ತುವುದು, ಸಂಜೆ ಇಳಿಯುವುದು. ಮೊಮ್ಮಗ ಎರಡೂ ಸಲ ವಾಂತಿ. ಮನೆಗೆ ಬಂದು ಪಟ್ಟಿಯನ್ನು ಮತ್ತೆ ಓದಿದೆ. ಹೋಟೆಲಿನ ಹೆಸರಿನ ಪಕ್ಕ ಸಣ್ಣ ಅಕ್ಷರದಲ್ಲಿ 'ಅಥವಾ ಅದೇ ದರ್ಜೆಯದು' ಎಂದಿತ್ತು. ಅಲ್ಲಿಂದಲೇ ನಾವು ಜಾರಿದ್ದು ಅಡಿಮಾಲಿಗೆ.

ಆಲಪ್ಪುಳದ ದೋಣಿಮನೆ ಕಥೆಯೂ ಹಾಗೇ. ಏಸಿ ಹೌಸ್‌ಬೋಟ್ ಅಂತ ಜಾಸ್ತಿ ದುಡ್ಡು ಕೊಟ್ಟೆವು. ಏಸಿ ಹಾಕಿದ್ದು ರಾತ್ರಿ ಮಾತ್ರ. ಮಧ್ಯಾಹ್ನದ ಬಿಸಿಲಿಗೆ ಬೀಸಣಿಗೆಯೇ ಗತಿ. ಸಂಜೆ ಐದೂವರೆಗೆಲ್ಲ ದಡಕ್ಕೆ ಕಟ್ಟಿದರು, ಆಮೇಲೆ ಮೀನುಗಾರರು ಬಲೆ ಹಾಕುವ ಹೊತ್ತು. ಅಲ್ಲಿ ಹೆಚ್ಚಿನ ದೋಣಿಗಳ ಪದ್ಧತಿಯೇ ಅದು, ಮೋಸ ಅನ್ನಲಾರೆ. ಮೊದಲೇ ಒಂದು ಮಾತು ಹೇಳಬಹುದಿತ್ತಲ್ವಾ?

ಅವತ್ತಿನಿಂದ ನಾನು ಏನೇನು ಕೊಡುತ್ತಾರೆ ಅನ್ನುವ ಪಟ್ಟಿಯನ್ನು ಮೊದಲು ಓದುವುದಿಲ್ಲ. ಏನೇನು ಸೇರಿಲ್ಲ ಅನ್ನುವುದನ್ನು ಓದುತ್ತೇನೆ. ಹೋಟೆಲಿನ ಹೆಸರು ಕೇಳಿ, ನೋಡುವ ಜಾಗಕ್ಕೆ ಎಷ್ಟು ಕಿಲೋಮೀಟರ್ ಅಂತ ಮ್ಯಾಪಿನಲ್ಲಿ ನಾನೇ ಅಳೆಯುತ್ತೇನೆ. ಆಮೇಲೆ ಒಂದೇ ಪ್ರಶ್ನೆ: "ನಾವು ಹೋಗುವ ದಿನ ಅಲ್ಲಿ ಏನು ಮುಚ್ಚಿರುತ್ತೆ?" ಆಗ್ರಾದ ತಾಜ್‌ಮಹಲಿಗೆ ಶುಕ್ರವಾರ ರಜೆ. ಹೀಗೆ ಎಲ್ಲ ಊರಿಗೂ ಒಂದು ಮಂಗಳವಾರ ಇರುತ್ತದೆ.

ಕಾರಿನ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನಮ್ಮವರು ಜಾಸ್ತಿ ಏಮಾರುವುದು ಇಲ್ಲೇ. ಹೊರ ಊರಿಗೆ ಟ್ಯಾಕ್ಸಿ ಅಂದರೆ ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 300 ಕಿಲೋಮೀಟರ್ ಲೆಕ್ಕ. ಮೈಸೂರಿನಿಂದ ಊಟಿಗೆ ಸುಮಾರು 125 ಕಿಲೋಮೀಟರ್. ಹೋಗಿ ಬಂದರೆ 250. ಒಂದು ರಾತ್ರಿ ಅಲ್ಲಿ ಉಳಿದರೆ ಎರಡು ದಿನ, 600 ಕಿಲೋಮೀಟರ್‌ನ ಬಿಲ್. ಕಿಲೋಮೀಟರಿಗೆ 14 ರೂಪಾಯಿ ಅಂದುಕೊಳ್ಳಿ, 8,400 ಆಯಿತು. ಮೇಲೆ ಡ್ರೈವರ್ ಬಾಟಾ, ಟೋಲ್, ಪರ್ಮಿಟ್, ಪಾರ್ಕಿಂಗ್. "ಕಿಲೋಮೀಟರಿಗೆ ಒಂದು ರೂಪಾಯಿ ಕಮ್ಮಿ ಮಾಡಿ" ಅಂತ ಜಗ್ಗಾಡುವುದಕ್ಕಿಂತ, "ಎರಡು ದಿನಕ್ಕೆ ಎಲ್ಲಾ ಸೇರಿ ಎಷ್ಟು?" ಅಂತ ಕೇಳಿ, ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಇಬ್ಬರೇ ಇದ್ದರೆ ಸುಮ್ನೆ ಕೆಎಸ್ಆರ್‌ಟಿಸಿ ಬಸ್ ಹತ್ತಿ.

ಊಟಿಗೆ ಹೊರಗಿನ ಗಾಡಿಗಳಿಗೆ ಇ-ಪಾಸ್ ಪದ್ಧತಿ 2024ರ ಮೇ ತಿಂಗಳಲ್ಲಿ ಬಂತು. ಅದನ್ನು ತಮಿಳುನಾಡು ಸರ್ಕಾರ ಪುಕ್ಕಟೆ ಕೊಡುತ್ತದೆ. ಅದಕ್ಕೂ ಯಾರಾದರೂ ಇನ್ನೂರು, ಮುನ್ನೂರು ಕೇಳಿದರೆ ಮನೆಯಲ್ಲಿ ಮಕ್ಕಳ ಕೈಯಲ್ಲಿ ಮಾಡಿಸಿಬಿಡಿ. ಬಂಡೀಪುರದ ದಾರಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂದ್. ರಾತ್ರಿ ಹತ್ತಕ್ಕೆ ಹೊರಟು ಆ ದಾರೀಲಿ ಬೆಳಗಾಗುವುದರೊಳಗೆ ಊಟಿ ಸೇರಿಸ್ತೀವಿ ಅನ್ನುವವರಿಗೆ ದಾರಿಯೇ ಗೊತ್ತಿಲ್ಲ ಅಂತ ಲೆಕ್ಕ.

ದುಡ್ಡು ಕಟ್ಟುವಾಗ ರಸೀದಿ ಕೇಳಿ. ಕ್ಯಾನ್ಸಲ್ ಮಾಡಿದರೆ ಎಷ್ಟು ವಾಪಸ್ ಬರುತ್ತೆ ಅಂತ ಬರಹದಲ್ಲಿ ಇರಲಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ನೀವು ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಅಲ್ಲಿ ಶುಲ್ಕವಿಲ್ಲ. ಕಂಪನಿ ದಿಲ್ಲಿಯದಾದರೂ ನೀವು ವಾಸ ಇರುವ ಊರಿನಲ್ಲೇ ದೂರು ಕೊಡಬಹುದು, 2019ರ ಕಾನೂನು ಹಾಗೆ ಹೇಳುತ್ತದೆ. ನಾನು ಕೊಡಲಿಲ್ಲ. ನಮ್ಮ ಯಜಮಾನರು "ಹೋಗಲಿ ಬಿಡು" ಅಂದರು. ಆ ಸಿಟ್ಟು ಇವತ್ತಿಗೂ ಇದೆ.

ಎರಡು ವರ್ಷ ಬಿಟ್ಟು, ಮತ್ತೆ ಮುನ್ನಾರಿಗೆ ಅಂತ ಸರಸ್ವತಿಪುರಂನ ಒಂದು ಸಣ್ಣ ಆಫೀಸಿಗೆ ಹೋದೆ. ಮೇಜಿನ ಹಿಂದೆ ಒಬ್ಬ ಹುಡುಗಿ. ಬೇಕಂತಲೇ ಮಾರ್ಚ್ ಮೊದಲ ವಾರ ಅಂದೆ. "ಬೇಡಿ ಅಮ್ಮ, ವರಯಾಡು ನೋಡಕ್ಕಾಗಲ್ಲ. ಏಪ್ರಿಲ್‌ನಲ್ಲಿ ಹೋಗಿ" ಅಂದಳು. ಈ ಪಟ್ಟಿಯಲ್ಲಿ ಏನು ಬಿಟ್ಟರೆ ನಷ್ಟ ಇಲ್ಲ ಅಂತ ಕೇಳಿದೆ. ಪೆನ್ನು ತೆಗೆದು ಮಸಾಲೆ ತೋಟ, ಚಾಕಲೇಟ್ ಅಂಗಡಿ ಎರಡನ್ನೂ ಹೊಡೆದು ಹಾಕಿದಳು. "ಅಲ್ಲಿ ಕಮಿಷನ್‌ಗೆ ನಿಲ್ಲಿಸೋದು ಅಮ್ಮ" ಅಂದಳು. ಅವತ್ತು ಅವಳಿಗೆ ನನ್ನಿಂದ ಒಂದು ಪೈಸೆಯೂ ಹುಟ್ಟಲಿಲ್ಲ.

ಏಪ್ರಿಲ್‌ನಲ್ಲಿ ಹೋದೆವು. ವಾಪಸ್ ಬರುವ ದಾರಿಯಲ್ಲಿ ಅವಳದೇ ಫೋನ್. "ಅಮ್ಮ, ಮರಿಗಳು ಕಂಡ್ವಾ?"

ಕಂಡವು. ಮೂರು. ಒಂದಂತೂ ಮೊಮ್ಮಗನ ಟೋಪಿಗೇ ಬಾಯಿ ಹಾಕಲು ಬಂದಿತ್ತು.

ನಮಸ್ಕಾರ.