ಆರ್ಕ್ಟಿಕ್ ಸಮುದ್ರ ಓದೂದು ಉಪ್ಪಿನಿಂದ ಶುರು ಮಾಡ್ರಿ

ನಮಸ್ಕಾರ್ರೀ. ಆರ್ಕ್ಟಿಕ್ ಮಹಾಸಾಗರದಾಗ ಹಿಮದ ಹಾಸು ಕೊರದು ಒಂದು ಥರ್ಮಾಮೀಟರ್ ಇಳಿಬಿಟ್ರ, ಮೊದಲಿನ 50 ಮೀಟರ್ ತನಕ ಅದು ಮೈನಸ್ 1.6, ಮೈನಸ್ 1.8 ಡಿಗ್ರಿ ಸುತ್ತಮುತ್ತನ ಇರ್ತೈತಿ. ಇನ್ನೂ ಇಳಸ್ರಿ. ಸುಮಾರು 200 ಮೀಟರ್ ದಾಟಿದ ಮ್ಯಾಲೆ ಸೊನ್ನಿಗಿಂತ ಮ್ಯಾಲೆ ಏರ್ತೈತಿ. ಅಂದ್ರ ತಣ್ಣೀರು ಮ್ಯಾಲೆ, ಬೆಚ್ಚನ ನೀರು ಕೆಳಗ. ನಮ್ಮ ಉಣಕಲ್ ಕೆರಿ, ಸಾಧನಕೇರಿ ನೋಡಿದವರಿಗೆ ಇದು ಉಲ್ಟಾ ಅನಸ್ತೈತಿ. ಆದ್ರ ಆರ್ಕ್ಟಿಕ್ ಬಗ್ಗೆ ಯಾವ ಪಾರಿಭಾಷಿಕ ಪದ ತಿಳ್ಕೊಬೇಕಂದ್ರೂ ಇಲ್ಲಿಂದನ ಶುರು ಮಾಡ್ಬೇಕ್ರಿ.

ಆ ಬೆಚ್ಚನ ನೀರು ಅಟ್ಲಾಂಟಿಕ್‌ದು. ಗ್ರೀನ್‌ಲ್ಯಾಂಡ್ ಮತ್ತ ನಾರ್ವೆದ ಸ್ವಾಲ್ಬಾರ್ಡ್ ದ್ವೀಪಗಳ ನಡುವಿನ ಫ್ರಾಮ್ ಜಲಸಂಧಿಯಿಂದ ಒಂದಷ್ಟು, ಬ್ಯಾರೆಂಟ್ಸ್ ಸಮುದ್ರದ ಮ್ಯಾಲಿಂದ ಒಂದಷ್ಟು ಒಳಗ ಬರ್ತೈತಿ. ಬಂದು 200ರಿಂದ 900 ಮೀಟರ್ ಆಳದಾಗ ಹರಡ್ಕೊಂಡು ಕುಂಡ್ರತೈತಿ. ಮ್ಯಾಲಿನ ಹಿಮ ಎಲ್ಲಾ ಕರಗಸೂವಷ್ಟು ಶಾಖ ಅದರಾಗ ಐತಿ. ಆದ್ರೂ ಹಿಮ ಉಳದೈತಿ, ಯಾಕಂದ್ರ ನಡುವ ಒಂದು ಪದರ ಅಡ್ಡ ನಿಂತೈತಿ. ಅದರ ಹೆಸರು ಹ್ಯಾಲೋಕ್ಲೈನ್. ಅಲ್ಲಿ ಕೆಳಗ ಇಳದಂಗ ಲವಣಾಂಶ ಗಬಕ್ಕನ ಏರ್ತೈತಿ: ಮ್ಯಾಲೆ ಲೀಟರಿಗೆ ಸುಮಾರು 30 ಗ್ರಾಂ ಇದ್ದದ್ದು ಕೆಳಗ 34, 35ರ ಹತ್ರ ಮುಟ್ಟತೈತಿ. ನೀರು ಗಡ್ಡಿಗಟ್ಟೂವಷ್ಟು ತಣ್ಣಗ ಇದ್ದಾಗ ಉಷ್ಣತೆ ಒಂದೆರಡು ಡಿಗ್ರಿ ಹೆಚ್ಚುಕಡಿಮಿ ಆದ್ರ ನೀರಿನ ತೂಕದಾಗ ಅಂಥಾ ಫರಕ ಬೀಳೂದಿಲ್ಲ. ಅಲ್ಲಿ ಯಾವ ನೀರು ಮ್ಯಾಲೆ, ಯಾವುದು ಕೆಳಗ ಅಂತ ಹೇಳೂದು ಉಪ್ಪು.

ಇದನ್ನ ಮನ್ಯಾಗ ಮಾಡಿ ನೋಡೂಣ್ರಿ. ಈಗ ಪರದೆ ಮ್ಯಾಲೆ ಕಾಣೂದು ಧಾರವಾಡದ ಒಂದು ಅಡಿಗಿಮನಿ ಕಟ್ಟಿ. ಎರಡು ಗಾಜಿನ ಲೋಟ ಇಟ್ಟೇವಿ. ಎರಡರಾಗೂ 150 ಮಿಲಿಲೀಟರ್ ಬೆಚ್ಚನ ನೀರು ಹಾಕ್ರಿ. ಕೈ ಇಟ್ರ ಹಿತ ಅನಸ್ಬೇಕು, 40 ಡಿಗ್ರಿ ಸಾಕು. ಎರಡಕ್ಕೂ ಒಂದೊಂದ ಹನಿ ಶಾಯಿ. ಒಂದರಾಗ ಮಾತ್ರ 5 ಗ್ರಾಂ ಪುಡಿ ಉಪ್ಪು, ಅಂದ್ರ ಚಾದ ಚಮಚದಾಗ ಮಟ್ಟಸ ಒಂದು ಚಮಚ. ಒಂದು ಕಣಾನೂ ಉಳೀದಂಗ ಕದಡ್ರಿ. ಕದಡಿದ ನೀರು ಸುತ್ತೂದು ನಿಂತ ಮ್ಯಾಲೆ ಫ್ರಿಜ್ಜಿನ ತಣ್ಣೀರು 100 ಮಿಲಿಲೀಟರ್ ತಗೊಂಡು, ಚಮಚ ಬೋರಲು ಹಿಡದು, ಅದರ ತುದಿ ನೀರಿಗೆ ತಾಗಿಸಿ, ಚಮಚದ ಬೆನ್ನಿನ ಮ್ಯಾಲೆ ಸಣ್ಣಗ ಇಳಿಬಿಡ್ರಿ.

ಉಪ್ಪಿಲ್ಲದ ಲೋಟದಾಗ ನೋಡ್ರಿ: ತಣ್ಣೀರು ದಾರದಂಗ ಕೆಳಗ ಇಳೀತು, ಶಾಯಿ ಮ್ಯಾಲೆ ಎದ್ದಿತು, ಸ್ವಲ್ಪ ಹೊತ್ತಿನಾಗ ಎಲ್ಲಾ ಒಂದ ಬಣ್ಣ. ಉಪ್ಪಿನ ಲೋಟದಾಗ ಗೆರಿ ಕೊರದಂಗ ನಿಂತೈತಿ. ಕೆಳಗ ಬೆಚ್ಚನ ಬಣ್ಣದ ನೀರು, ಮ್ಯಾಲೆ ತಿಳಿ ತಣ್ಣೀರು. ಆ ಗೆರೀನ ಹ್ಯಾಲೋಕ್ಲೈನ್. ಗೆರಿ ಮೂಡಲಿಲ್ಲ ಅಂದ್ರ ಹತ್ತಕ್ಕ ಒಂಬತ್ತು ಸಲ ಕಾರಣ ಸುರಿಯೋ ಅವಸರ. ಇಲ್ಲಾಂದ್ರ ತಳದಾಗ ಕರಗದ ಉಪ್ಪು ಉಳದಿರ್ತೈತಿ. ಗದಗ, ರೋಣದ ಕಡೆಯವರು ‘ನಮ್ಮ ಬೋರಿನ ನೀರ ಸವಳು ಐತಲ್ಲ’ ಅಂತ ಚಿಂತಿ ಮಾಡಬ್ಯಾಡ್ರಿ. ಟಿಡಿಎಸ್ 1,500 ಇದ್ರೂ ಅದು ಲೀಟರಿಗೆ ಒಂದೂವರೆ ಗ್ರಾಂ ಅಷ್ಟ. ಸಮುದ್ರದ 35ರ ಮುಂದ ಅದು ಲೆಕ್ಕಕ್ಕಿಲ್ಲ.

ಆರ್ಕ್ಟಿಕ್ ಮಹಾಸಾಗರದ ಕೆನಡಾ ಕಡೆಯ ಆಳದ ತಗ್ಗಿಗೆ ಕೆನಡಾ ಬೇಸಿನ್ ಅಂತಾರ. ಅಲ್ಲಿ ಈ ಗಡಿ ಇನ್ನೂ ಚಂದ ಕಾಣತೈತಿ. ಅಟ್ಲಾಂಟಿಕ್ ಪದರದ ನೆತ್ತಿ ಮ್ಯಾಲೆ ಒಂದು, ಎರಡು, ಕೆಲವು ಮೀಟರ್ ದಪ್ಪದ ಮೆಟ್ಟಿಲು ಮೆಟ್ಟಿಲಾಗಿ ನೀರು ಜೋಡಿಸಿಟ್ಟಂಗ ಇರ್ತೈತಿ. ಒಂದು ಮೆಟ್ಟಿಲಿಂದ ಇನ್ನೊಂದಕ್ಕ ಶಾಖ ಭಾಳ ನಿಧಾನ ದಾಟತೈತಿ. ಅದಕ್ಕ ಥರ್ಮೋಹಲೈನ್ ಸ್ಟೇರ್‌ಕೇಸ್ ಅಂತಾರ. ನಮ್ಮ ಕೇಳಿದ್ರ ಇಡೀ ಸಮುದ್ರ ವಿಜ್ಞಾನದಾಗ ಇಷ್ಟು ಸುಂದರ ರಚನಾ ಇನ್ನೊಂದು ಸಿಗೂದು ಕಷ್ಟ.

ಮ್ಯಾಲೆ ಸಿಹಿ ನೀರು ಎಲ್ಲಿಂದ ಬಂತು? ಓಬ್, ಯೆನಿಸೇ, ಲೀನಾ, ಮೆಕೆಂಜಿ ನದಿಗಳಿಂದ. ಜಗತ್ತಿನ ಸಾಗರದ ನೀರಿನಾಗ ಆರ್ಕ್ಟಿಕ್‌ನ ಪಾಲು ಸುಮಾರು 1 ಪ್ರತಿಶತ. ಆದ್ರ ಜಗತ್ತಿನ ನದಿಗಳು ಸಮುದ್ರಕ್ಕ ಹಾಕೂ ನೀರಿನಾಗ ಸುಮಾರು 11 ಪ್ರತಿಶತ ಅಲ್ಲಿಗೇ ಹೋಗ್ತೈತಿ. ಜೊತಿಗೆ ಬರೇ 50 ಮೀಟರ್ ಆಳದ ಬೇರಿಂಗ್ ಜಲಸಂಧಿಯಿಂದ ಪೆಸಿಫಿಕ್‌ನ ಕಡಿಮಿ ಉಪ್ಪಿನ ನೀರು.

ಇನ್ನ ಹಿಮ. ಸಮುದ್ರದ ನೀರು ಹೆಪ್ಪುಗಟ್ಟಾಕ ಶುರು ಆದಾಗ ಮೊದಲ ಸಣ್ಣ ಸಣ್ಣ ಸೂಜಿಯಂಥ ಹರಳು ತೇಲ್ತಾವು, ಅದು ಫ್ರಾಜಿಲ್. ಅವು ಕೂಡಿ ಜಿಡ್ಡಿನಂಗ ಆದ್ರ ಗ್ರೀಸ್ ಐಸ್. ಗಾಳಿ ಇಲ್ಲದಾಗ ಅದು 10 ಸೆಂಟಿಮೀಟರ್ ಒಳಗಿನ ಬಳಕೂ ಹಾಳಿ ಆಗ್ತೈತಿ, ಅದು ನೀಲಾಸ್. ತೆರಿ ಇದ್ರ ಅಂಚು ಎದ್ದ ದುಂಡು ಬಿಲ್ಲಿ, ಪ್ಯಾನ್‌ಕೇಕ್ ಐಸ್. 30 ಸೆಂಟಿಮೀಟರ್ ದಾಟಿದ್ರ ಫಸ್ಟ್ ಇಯರ್ ಐಸ್. ಬ್ಯಾಸಗಿ ದಾಟಿ ಉಳದು, ಮತ್ತ ವರ್ಷಗಟ್ಟಲೆ ಗಟ್ಟಿಯಾದದ್ದು ಮಲ್ಟಿ ಇಯರ್ ಐಸ್.

ಗಡ್ಡಿ ಕಟ್ಟೂವಾಗ ಹರಳಿನ ಒಳಗ ಉಪ್ಪಿಗೆ ಜಾಗ ಇಲ್ಲ. ಒಂದಷ್ಟು ಉಪ್ಪುನೀರು ಸಣ್ಣ ಸಣ್ಣ ಗೂಡಿನಾಗ ಸಿಕ್ಕಿಬೀಳತೈತಿ, ಉಳಿದದ್ದು ಕೆಳಗ ಸಮುದ್ರಕ್ಕ ಇಳೀತೈತಿ. ಇದು ಬ್ರೈನ್ ರಿಜೆಕ್ಷನ್. ಗಾಳಿ ಹಿಮಾನ ದೂರ ದೂಡಿ ಚಳಿಗಾಲದಾಗೂ ನೀರು ತೆರದಿಟ್ಟ ಜಾಗಕ್ಕ ಪಾಲಿನ್ಯಾ ಅಂತಾರ. ಅಲ್ಲಿ ಹೊಸ ಹಿಮ ಹುಟ್ಟಿದಂಗ ಗಾಳಿ ಅದನ್ನ ಒಯ್ಯತೈತಿ. ಅದಕ್ಕ ಉಪ್ಪುನೀರು ಕೆಳಗ ಇಳಿಯೂದು ಅಲ್ಲೇ ಭಾಳ. ತಣ್ಣನ ಹ್ಯಾಲೋಕ್ಲೈನ್‌ಗೆ ನೀರು ಹೋಗೂದೂ ಇಂಥ ಆಳ ಕಡಿಮಿ ಜಾಗದಿಂದ.

ಹಳೇ ಹಿಮದಾಗ ಉಪ್ಪು ಕಡಿಮಿ ಯಾಕ ಅನ್ನೂದು ನವಲಗುಂದ, ನರಗುಂದದಾಗ ಸವಳು ಭೂಮಿ ಇದ್ದವರಿಗೆ ಹೇಳೂದ ಬ್ಯಾಡ. ಹೊಲದ ಸವಳು ತಗೀಬೇಕಂದ್ರ ಮ್ಯಾಲೆ ಸಿಹಿ ನೀರು ನಿಲ್ಲಿಸಿ, ಬಸಿಗಾಲುವಿಯಿಂದ ಉಪ್ಪು ಹೊರಗ ಹಾಕ್ತೀವಲ್ಲ, ಹಿಮದಾಗೂ ಹಂಗ. ಬ್ಯಾಸಗ್ಯಾಗ ಮ್ಯಾಲೆ ಕರಗಿ ನಿಂತ ಸಿಹಿ ನೀರು ಗೂಡುಗಳ ಮೂಲಕ ಬಸದು ಉಪ್ಪು ತೊಳಕೊಂಡು ಹೋಗ್ತೈತಿ. ಹಂಗಾಗಿ ಹಳೇ ಹಿಮದ ಮ್ಯಾಲ್ಭಾಗ ಕರಗಿಸಿದ್ರ ಕುಡಿಯಾಕ ಬರ್ತೈತಿ.

ಸುದ್ದಿಯೊಳಗ ಎಲ್ಲಾರೂ ತಪ್ಪು ತಿಳ್ಕೊಳ್ಳೂದು ಎಕ್ಸ್‌ಟೆಂಟ್ ಮತ್ತ ಏರಿಯಾ ಅನ್ನೂ ಹಿಮದ ಹರವಿನ ಎರಡು ಲೆಕ್ಕ. ಉಪಗ್ರಹದ ಚಿತ್ರವನ್ನ 25 ಕಿಲೋಮೀಟರ್ ಉದ್ದ ಅಗಲದ ಚೌಕ ಮಾಡ್ತಾರ. ಒಂದು ಚೌಕದಾಗ 15 ಪ್ರತಿಶತ ಹಿಮ ಇದ್ರ ಎಕ್ಸ್‌ಟೆಂಟ್ ಲೆಕ್ಕದಾಗ ಪೂರಾ 625 ಚದರ ಕಿಲೋಮೀಟರ್ ಹಿಡೀತಾರ. ಏರಿಯಾ ಲೆಕ್ಕದಾಗ ಸುಮಾರು 94 ಮಾತ್ರ. ಹಂಗಾದ್ರ ಏರಿಯಾನ ಖರೇ ಅಲ್ಲೇನು ಅಂತೀರಿ. ಬ್ಯಾಸಗ್ಯಾಗ ಹಿಮದ ಮ್ಯಾಲೆ ನಿಂತ ನೀರನ್ನ ಮೈಕ್ರೋವೇವ್ ಉಪಕರಣ ತೆರೆದ ಸಮುದ್ರ ಅಂತ ಓದತೈತಿ, ಏರಿಯಾ ಇದ್ದದ್ದಕ್ಕಿಂತ ಕಡಿಮಿ ಬರ್ತೈತಿ. ಅದಕ್ಕ ವರ್ಷ ವರ್ಷ ಹೋಲಿಸಾಕ ಎಕ್ಸ್‌ಟೆಂಟ್ ಬಳಸ್ತಾರ. ಈಗೀಗ ಮಾರ್ಚ್‌ನಾಗ ಅದು 1.4ರಿಂದ 1.5 ಕೋಟಿ ಚದರ ಕಿಲೋಮೀಟರ್. ಸೆಪ್ಟೆಂಬರ್‌ನ ಕನಿಷ್ಠ ದಾಖಲೆ 2012ರದ್ದು, ಸುಮಾರು 34 ಲಕ್ಷ. ಒಂದು ಸುದ್ದಿಯ ಎಕ್ಸ್‌ಟೆಂಟ್‌ನ ಇನ್ನೊಂದರ ಏರಿಯಾ ಜೊತಿ ಹೋಲಿಸಿದ್ರ ಲಕ್ಷಗಟ್ಟಲೆ ಚದರ ಕಿಲೋಮೀಟರ್ ತಪ್ಪತೈತಿ.

ದಂಡಿ ಮ್ಯಾಲಿನ ಪರ್ಮಾಫ್ರಾಸ್ಟ್ ಅಂದ್ರ ಹಿಮ ಅಲ್ಲ, ನೆಲ. ಸತತ ಎರಡು ವರ್ಷ ಸೊನ್ನಿ ಡಿಗ್ರಿ ಅಥವಾ ಅದಕ್ಕಿಂತ ಕೆಳಗ ಇದ್ದ ಮಣ್ಣು, ಕಲ್ಲು ಯಾವುದಾದ್ರೂ ಸೈ, ಅದರಾಗ ನೀರು ಇರಲೇಬೇಕು ಅಂತಿಲ್ಲ. ಅದರ ಮ್ಯಾಲೆ ಬ್ಯಾಸಗ್ಯಾಗ ಕರಗಿ ಚಳಿಗಾಲದಾಗ ಗಡ್ಡಿಗಟ್ಟೂದು ಸಕ್ರಿಯ ಪದರ.

ಹ್ಯಾಲೋಕ್ಲೈನ್ ಸಡಲಾದ ಕಡೆ ಬೆಚ್ಚನ ನೀರು ಮ್ಯಾಲೆ ಬರ್ತೈತಿ. ಬ್ಯಾರೆಂಟ್ಸ್ ಸಮುದ್ರದ ಕಡೆ ಇದು ಆಗಲೇ ನಡದೈತಿ, ಅಟ್ಲಾಂಟಿಫಿಕೇಶನ್ ಅಂತ ಕರೀತಾರ. ಇದನ್ನ ಅಳತಿ ಮಾಡೂವರೊಳಗ ನಮ್ಮ ದೇಶದವರೂ ಅದಾರ. ಹುಬ್ಬಳ್ಳಿಯಿಂದ ಲೋಂಡಾ ಮ್ಯಾಲೆ ರೈಲು ಹತ್ತಿದ್ರ ಮುಟ್ಟೂ ವಾಸ್ಕೋದಾಗ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಐತಿ. ಅದರ ಹಿಮಾದ್ರಿ ಠಾಣೆ 2008ರಿಂದ ಸ್ವಾಲ್ಬಾರ್ಡ್‌ನ ನ್ಯೂ ಓಲೆಸುಂಡ್‌ನಾಗ ಐತಿ. 2014ರಾಗ ಅಲ್ಲೇ ಪಕ್ಕದ ಕಾಂಗ್ಸ್‌ಫ್ಯೋರ್ಡ್‌ನಾಗ (ಫ್ಯೋರ್ಡ್ ಅಂದ್ರ ಗುಡ್ಡಗಳ ನಡುವ ಒಳಗ ಚಾಚಿದ ಸಮುದ್ರ) ಇಂಡ್‌ಆರ್ಕ್ ಅನ್ನೂ ಉಪಕರಣದ ಸಾಲು ಇಳಿಬಿಟ್ರು. ಅದು ಆಳದ ಉಷ್ಣತೆ, ಲವಣಾಂಶ ಬರಕೊಳ್ಳತೈತಿ. ಆ ಫ್ಯೋರ್ಡ್‌ನ ಅಭ್ಯಾಸದೊಳಗ ರೂಢಿಯಾದ ಒಂದು ಅಳತಿ ಹೇಳತೀವಿ, ಬರಕೊಳ್ರಿ: ಲವಣಾಂಶ 34.65 ದಾಟಿ, ಉಷ್ಣತೆ 3 ಡಿಗ್ರಿ ದಾಟಿದ್ರ ಅದು ಅಟ್ಲಾಂಟಿಕ್ ನೀರು. ಎರಡರೊಳಗ ಒಂದು ಕಡಿಮಿ ಇದ್ರೂ ಆ ಹೆಸರು ಕೊಡೂದಿಲ್ಲ.