ಗೆಡ್ಡೆಯ ನಾಳ ಮುಚ್ಚಿದ ಮೇಲೆ

ಕೇಳುಗರೇ, ನಮಸ್ಕಾರ.

ನಮ್ಮ ಯಕೃತ್ತಿಗೆ, ಅಂದರೆ ಲಿವರ್‌ಗೆ, ಎರಡು ದಾರಿಯಲ್ಲಿ ರಕ್ತ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯ ಪೋರ್ಟಲ್ ಸಿರೆಯಿಂದ, ಉಳಿದದ್ದು ಅಪಧಮನಿಯಿಂದ. ಅಲ್ಲೇ ಹುಟ್ಟುವ ಕ್ಯಾನ್ಸರ್ ಗೆಡ್ಡೆ ಮಾತ್ರ ಬಹುಮಟ್ಟಿಗೆ ಅಪಧಮನಿಯ ರಕ್ತವನ್ನೇ ಕುಡಿದು ಬೆಳೆಯುತ್ತದೆ. ಟೇಸ್ ಎಂಬ ಚಿಕಿತ್ಸೆಗೆ ಈ ವ್ಯತ್ಯಾಸವೇ ಆಧಾರ. ತೊಡೆಸಂದಿಯ ಅಥವಾ ಮಣಿಕಟ್ಟಿನ ಅಪಧಮನಿಯೊಳಗೆ ಸಣ್ಣ ಕೊಳವೆ ತೂರಿಸಿ, ಎಕ್ಸ್‌ರೇ ಪರದೆಯಲ್ಲಿ ನೋಡುತ್ತಾ ಗೆಡ್ಡೆಗೆ ಹೋಗುವ ಕವಲಿನವರೆಗೂ ಒಯ್ಯುತ್ತಾರೆ. ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧಿಯನ್ನು ಲಿಪಿಯೊಡಾಲ್ ಎಣ್ಣೆಯಲ್ಲಿ ಕಲಸಿ ಬಿಡುತ್ತಾರೆ. ಎಣ್ಣೆ ಸಾಮಾನ್ಯವಾಗಿ 10 ಮಿಲಿಲೀಟರ್ ಮೀರುವುದಿಲ್ಲ. ಆಮೇಲೆ ಜೆಲಾಟಿನ್ ಚೂರುಗಳಿಂದ ನಾಳ ಮುಚ್ಚುತ್ತಾರೆ.

ಆದರೆ ಉಸಿರು ಕಟ್ಟಿದ ಗೆಡ್ಡೆ ಸುಮ್ಮನಿರುವುದಿಲ್ಲ. ಸಾಯದೆ ಉಳಿದ ಅಂಚಿನ ಕೋಶಗಳು ಆಮ್ಲಜನಕ ಸಿಗದೆ ವಿಇಜಿಎಫ್ ಎಂಬ ಪ್ರೋಟೀನನ್ನು ಹೊರಸೂಸಿ ಹೊಸ ನಾಳಗಳನ್ನು ಹುಟ್ಟಿಸಿಕೊಳ್ಳುತ್ತವೆ. ಈ ಕರೆಯನ್ನೇ ಅಡಗಿಸಲು ಸೊರಾಫೆನಿಬ್, ಲೆನ್ವಾಟಿನಿಬ್, ಬೆವಾಸಿಜುಮಾಬ್ ಮೊದಲಾದ ಔಷಧಿಗಳನ್ನು ಜೊತೆಗೆ ಕೊಡುತ್ತಾರೆ.

ತರ್ಕ ಚೆನ್ನಾಗಿದೆ, ಫಲ ಮಾತ್ರ ಅಷ್ಟು ಸಲೀಸಾಗಿ ಸಿಗಲಿಲ್ಲ. ಬ್ರಿಟನ್ನಿನ ಟೇಸ್-2 ಪ್ರಯೋಗದಲ್ಲಿ ಸೊರಾಫೆನಿಬ್ ಸೇರಿಸಿದ್ದರಿಂದ ಲಾಭವೇನೂ ಕಾಣಲಿಲ್ಲ. ಜಪಾನಿನ ಟ್ಯಾಕ್ಟಿಕ್ಸ್ ಪ್ರಯೋಗದಲ್ಲಿ ಅದೇ ಮಾತ್ರೆ ಸೇರಿಸಿದಾಗ ರೋಗ ಮುಂದುವರಿಯದ ಅವಧಿ 13.5 ತಿಂಗಳಿಂದ 25.2 ತಿಂಗಳಿಗೆ ಏರಿತು. ಒಂದು ಸೂಕ್ಷ್ಮ ಗಮನಿಸಿ: ಅಲ್ಲಿ ಯಕೃತ್ತಿನೊಳಗೇ ಹೊಸ ಗೆಡ್ಡೆ ಕಂಡರೆ ಅದನ್ನು ಸೋಲೆಂದು ಎಣಿಸಲಿಲ್ಲ, ಮಾತ್ರೆಯನ್ನೂ ಹೆಚ್ಚು ಕಾಲ ಮುಂದುವರಿಸಿದರು. ಒಟ್ಟು ಬದುಕಿದ ಕಾಲವಾದರೋ ಮಾತ್ರೆ ಸೇರಿಸಿದವರಲ್ಲಿ 36.2, ಟೇಸ್ ಮಾತ್ರ ಆದವರಲ್ಲಿ 34.5 ತಿಂಗಳು, ಹೇಳಿಕೊಳ್ಳುವಂಥ ಅಂತರವಲ್ಲ. ಚೀನಾದ ಲಾಂಚ್ ಪ್ರಯೋಗದ ರೋಗಿಗಳೇ ಬೇರೆ. ಅವರದು ಮುಂದುವರಿದ ಕಾಯಿಲೆ. ಲೆನ್ವಾಟಿನಿಬ್ ಒಂದನ್ನೇ ಪಡೆದವರು 11.5 ತಿಂಗಳು, ಟೇಸ್ ಕೂಡ ಆದವರು 17.8 ತಿಂಗಳು ಬದುಕಿದರು. ಹಾಗಾಗಿ "ಎರಡೂ ಸೇರಿಸಿದರೆ ಒಳ್ಳೆಯದಂತೆ" ಎಂಬ ಮಾತು ಕಿವಿಗೆ ಬಿದ್ದರೆ, ಯಾವ ಹಂತದ ರೋಗಕ್ಕೆ ಎಂದು ಕೇಳಿ.

ಲೆನ್ವಾಟಿನಿಬ್ ಪ್ರಮಾಣ ತೂಕದ ಮೇಲೆ: 60 ಕಿಲೋ ಮತ್ತು ಮೇಲ್ಪಟ್ಟವರಿಗೆ ದಿನಕ್ಕೆ 12 ಮಿಲಿಗ್ರಾಂ, ಕಡಿಮೆ ಇದ್ದವರಿಗೆ 8. ಟೇಸ್‌ನ ಆಸುಪಾಸಿನಲ್ಲಿ ಮಾತ್ರೆಯನ್ನು ಕೆಲದಿನ ನಿಲ್ಲಿಸಿ, ರಕ್ತಪರೀಕ್ಷೆಯಲ್ಲಿ ಯಕೃತ್ತು ಚೇತರಿಸಿಕೊಂಡದ್ದು ಕಂಡ ಮೇಲೆ ಮತ್ತೆ ಶುರುಮಾಡುತ್ತಾರೆ. ಇಲ್ಲಿ ಅವಸರ ಮಾಡಿದರೆ ಕೆಡುತ್ತದೆ. ಸಿರೋಸಿಸ್‌ನಿಂದ, ಅಂದರೆ ಕಲೆಗಟ್ಟಿ ಗಡುಸಾಗುವ ಕಾಯಿಲೆಯಿಂದ, ಮೊದಲೇ ಬಳಲಿದ ಯಕೃತ್ತಿಗೆ ಎರಡು ಪೆಟ್ಟು ಒಟ್ಟಿಗೆ ಬಿದ್ದರೆ ಕಾಮಾಲೆ ಏರುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಮುಂದಿನ ಚಿಕಿತ್ಸೆಗೆ ದೇಹವೇ ಒಗ್ಗುವುದಿಲ್ಲ. ಗೆಡ್ಡೆ ಕುಗ್ಗಿಸಲು ಯಕೃತ್ತನ್ನೇ ಕಳೆದುಕೊಳ್ಳುವುದು ನಷ್ಟದ ವ್ಯಾಪಾರ.

ಟೇಸ್ ಆದ ಮೇಲೆ ಕೆಲದಿನ ಜ್ವರ, ಬಲಪಕ್ಕೆ ನೋವು, ವಾಕರಿಕೆ ಸಾಮಾನ್ಯ. ಜ್ವರ ವಾರ ಕಳೆದರೂ ಇಳಿಯದೆ ಚಳಿ ನಡುಕವೂ ಬಂದರೆ ಯಕೃತ್ತಿನಲ್ಲಿ ಕೀವು ಕಟ್ಟಿರಬಹುದು. ಪಿತ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಈ ಅಪಾಯ ಹೆಚ್ಚು. ಮಾತ್ರೆ ನುಂಗುವವರು ಮನೆಯಲ್ಲೇ ರಕ್ತದೊತ್ತಡ ನೋಡಿ ಬರೆದಿಡಿ. ಅಂಗೈ, ಅಂಗಾಲು ಕೆಂಪಾಗಿ ಉರಿದರೆ ಯೂರಿಯಾ ಮುಲಾಮು ಹಚ್ಚಿ, ವೈದ್ಯರಿಗೆ ತಿಳಿಸಿ; ಪ್ರಮಾಣ ತಗ್ಗಿಸಬೇಕಾದೀತು. ಬೆವಾಸಿಜುಮಾಬ್‌ಗೆ ಮುನ್ನ ಎಂಡೋಸ್ಕೋಪಿ ತಪ್ಪಿಸಬೇಡಿ. ಸಿರೋಸಿಸ್ ಇದ್ದವರ ಅನ್ನನಾಳದಲ್ಲಿ ಉಬ್ಬಿದ ಸಿರೆಗಳಿರಬಹುದು, ಅವು ಒಡೆದರೆ ರಕ್ತ ನಿಲ್ಲುವುದು ಕಷ್ಟ. ಡಾಂಬರಿನಂತೆ ಕಪ್ಪು ಮಲ ಹೋದರೆ ಅಥವಾ ರಕ್ತ ವಾಂತಿಯಾದರೆ ಬೆಳಗಾಗುವುದನ್ನು ಕಾಯದೆ, ಮಾತ್ರೆ ನಿಲ್ಲಿಸಿ, ಆಗಲೇ ಆಸ್ಪತ್ರೆಗೆ ಹೊರಡಿ.