ಬಾಟಲಿಗೆ ತುಂಬುವ ಮುನ್ನ

ಎಲ್ಲರಿಗೂ ನಮಸ್ಕಾರ. ಕಾನೂನಿನ ಮಾತು ಮೊದಲೇ ಮುಗಿಸಿಬಿಡೋಣ. ಇಲ್ಲಿ ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದಾಗಿ ಮನೆಮಟ್ಟಿಗೆ ಬಿಯರ್ ಮಾಡಿಕೊಳ್ಳಬಹುದು. ವಯಸ್ಕರು ಒಬ್ಬರೇ ಇದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರಿದ್ದರೆ 200. ಮಾರುವ ಹಾಗಿಲ್ಲ. ಊರಿಗೆ ಹೋದಾಗ ಮಾತ್ರ ಮಾಡಿ ತೋರಿಸಲು ಹೊರಡಬೇಡಿ. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ.

ನೀರು, ಮಾಲ್ಟ್, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವು, ಹುದುಗಿಸುವ ಯೀಸ್ಟ್, ಇಷ್ಟೇ ಸಾಮಗ್ರಿ. ಮಾಲ್ಟ್ ನಮಗೆ ಹೊಸದಲ್ಲ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಅಜ್ಜಿ ಮಗುವಿಗೆ ಸರಿ ಕಾಯಿಸುತ್ತಿದ್ದರಲ್ಲ, ಬಾರ್ಲಿಗೂ ಅದೇ ಸಂಸ್ಕಾರ. ಮೊಳೆತ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳಿರುತ್ತವೆ. ಆದರೆ ಮೊದಲ ಸಲಕ್ಕೆ ಕಾಳಿನ ಗೋಜು ಬೇಡ. ಅಂಗಡಿಯಲ್ಲಿ ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ ಸಿಗುತ್ತದೆ, ಜೋನಿಬೆಲ್ಲದ ಹಾಗಿರುತ್ತದೆ. ಒಲೆ ಆರಿಸಿ ಬಿಸಿನೀರಿಗೆ ಕಲಸಿ, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಆಮೇಲೆ ಒಂದು ಗಂಟೆ ಕುದಿಸಿ. ಮೊದಲಿಗೆ ಹಾಕಿದ ಹಾಪ್ಸ್‌ನಿಂದ ಕಹಿ, ಕೊನೆಗೆ ಹಾಕಿದ್ದರಿಂದ ಘಮ. ಕುದಿ ಬರುವಾಗ ಹಾಲಿನಂತೆ ಉಕ್ಕುತ್ತದೆ, ಅಲ್ಲಿಂದ ಕದಲಬೇಡಿ.

ಒಲೆ ಆರಿದ ಮೇಲೆ ಮಡಿ ಶುರು. ತಣಿದ ರಸಕ್ಕೆ ಸೋಕುವ ಸೌಟು, ಕೊಳವೆ, ಮುಚ್ಚಳ, ಯೀಸ್ಟ್ ಪೊಟ್ಟಣ ಕತ್ತರಿಸುವ ಕತ್ತರಿ, ಎಲ್ಲವನ್ನೂ ತೊಳೆದು, ಆಮೇಲೆ ಸ್ಯಾನಿಟೈಸರ್‌ನಲ್ಲಿ ಅದ್ದಿ. ತೊಳೆಯುವುದೇ ಬೇರೆ, ಇದೇ ಬೇರೆ; ಜಿಡ್ಡಿನ ಮೇಲೆ ಸ್ಯಾನಿಟೈಸರ್ ಸುರಿದರೆ ಕೆಲಸ ಮಾಡುವುದಿಲ್ಲ. ತಣಿದ ರಸಕ್ಕೆ ಯೀಸ್ಟ್ ಹಾಕಿ ಹುದುಗಲು ಬಿಡಿ. ಏಲ್ ಎಂಬ ಬಗೆಯ ಬಿಯರಿನ ಯೀಸ್ಟ್‌ಗೆ 18ರಿಂದ 20 ಡಿಗ್ರಿ ಸೆಲ್ಸಿಯಸ್ ಹಿತ. ಚಳಿಗಾಲದಲ್ಲಿ ದೋಸೆ ಹಿಟ್ಟು ಹುದುಗಲೆಂದು ಓವನ್ ದೀಪ ಹಾಕಿ ಒಳಗಿಡುತ್ತೇವಲ್ಲ, ಆ ಅಭ್ಯಾಸ ಇಲ್ಲಿ ಕೂಡದು. ಸೆಕೆ ಹೆಚ್ಚಾದರೆ ಬಿಯರಿಗೆ ಘಾಟು ಬರುತ್ತದೆ.

ಈಗ ನಾನು ಮಾಡಿಕೊಂಡ ಅನಾಹುತ ಹೇಳುತ್ತೇನೆ. ಆರನೆಯ ದಿನ ಗುಳ್ಳೆ ಬರುವುದು ನಿಂತಿತು. ಹುದುಗಿದ್ದು ಮುಗಿಯಿತೆಂದು ನೊರೆ ಬರಲೆಂದು ಸಕ್ಕರೆ ಬೆರೆಸಿ ಬಾಟಲಿಗೆ ತುಂಬಿಬಿಟ್ಟೆ. ಎರಡು ವಾರದ ಮೇಲೆ, ನಡುರಾತ್ರಿ, ಕಪಾಟಿನೊಳಗೆ ಢಂ ಎಂದಿತು. ಹಿಂದೆಯೇ ಇನ್ನೊಂದು. ಬೆಳಕು ಹಾಕಿ ನೋಡಿದರೆ ಚಳಿಕೋಟಿನ ತೋಳಿಗೆ ಗಾಜಿನ ಚೂರು ನಾಟಿತ್ತು. ಕೆಳಗೆ ಮಗಳ ಶಾಲೆಯ ಶೂ ಇತ್ತು, ಅದರೊಳಗೂ ಗಾಜು. ಆ ಶೂ ಎಸೆದೆ. ಹೆದರಿಕೆ ಇನ್ನೂ ಹೋಗಿಲ್ಲ.

ಹುದುಗುವುದು ಮುಗಿದೇ ಇರಲಿಲ್ಲ, ಬಾಟಲಿಯೊಳಗೆ ಅನಿಲ ತುಂಬಿ ಒಡೆದಿತ್ತು. ಗುಳ್ಳೆ ನಂಬಬೇಡಿ, ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ನಂಬಿ. ಆರಂಭದಲ್ಲಿ 1.050 ತೋರಿಸಿದ ರಸ ಕೊನೆಗೆ 1.012ರ ಆಸುಪಾಸಿಗೆ ಇಳಿದರೆ ಸುಮಾರು ಶೇ. 5 ಆಲ್ಕೋಹಾಲ್. ಆದರೆ ಅಂಕಿ ಇಳಿದರೆ ಸಾಲದು, ಮೂರು ದಿನ ಬಿಟ್ಟು ಮತ್ತೆ ಅಳೆದಾಗಲೂ ಅಲ್ಲೇ ನಿಂತಿರಬೇಕು. ಅವಸರ ಬೇಡ, ಎರಡು ವಾರ ಬಿಡಿ. ಬಾಟಲಿಗೆ ತುಂಬುವಾಗ 19 ಲೀಟರಿಗೆ 120 ಗ್ರಾಂ ಸಕ್ಕರೆ ಸಾಕು. ಕಣ್ಣಳತೆ ಬೇಡ, ತೂಗಿ ಹಾಕಿ.

ಹೈಡ್ರೋಮೀಟರ್ ಮೇಜಿನ ಮೇಲಿಟ್ಟಿದ್ದೇನೆ. ಒಬ್ಬೊಬ್ಬರೇ ಬನ್ನಿ, ಕಣ್ಣನ್ನು ರಸದ ಮಟ್ಟಕ್ಕೆ ಬಗ್ಗಿಸಿ ಓದಿ, ನಿಮಗೆ ಕಂಡ ಅಂಕಿ ನನಗೆ ಹೇಳಿ.